ಎಡಗಡೆ ಮೇಲಿನ ಮೂಲೆ

ಅಳಿಸುವುದು ಎಷ್ಟು ಸುಲಭವಾಗಿತ್ತೆಂದರೆ ಅಳಿಸಿದ ಮೇಲೂ ಬೆರಳು ಅಲ್ಲೇ ಇತ್ತು. ಬೆಳಗಿನ ಏಳೂಮುಕ್ಕಾಲು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕೆನೆಗಟ್ಟಿದ ಕಾಫಿ, ಅದರಾಚೆ ಹೆಂಡತಿ ತಿದ್ದಿ ಮುಗಿಸಬೇಕಾದ ಗಣಿತದ ಉತ್ತರಪತ್ರಿಕೆಗಳ ಕಟ್ಟು. ಹನ್ನೊಂದು ವರ್ಷಗಳಿಂದ ಈ ಹೊತ್ತಿಗೆ ಅವನು ಇದೇ ಕುರ್ಚಿಯಲ್ಲಿ ಕೂತಿರುತ್ತಿದ್ದ. ಐದೂವರೆಗೆ ಎದ್ದು ಪ್ರಾರ್ಥನೆ, ಆರೂಕಾಲಿಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಒಂದು ಸುತ್ತು ನಡಿಗೆ, ಏಳಕ್ಕೆ ಮನೆ, ಎಂಟರೊಳಗೆ ಬ್ಲಾಗಿನಲ್ಲಿ ಒಂದು ಚಿತ್ರ, ಅದರ ಕೆಳಗೆ ಎಂಟೋ ಹತ್ತೋ ಸಾಲು. ಎಂಟರ ಮೇಲೆ ಅವನು ಸಭೆಯ ಪಾಸ್ಟರ್: ಆಸ್ಪತ್ರೆಗೆ ಹೋಗಬೇಕು, ಮದುವೆಯಾಗಲಿರುವವರಿಗೆ ಬುದ್ಧಿ ಹೇಳಬೇಕು, ಸೋರುವ ಚಾವಣಿಯ ಬಗ್ಗೆ ಹಿರಿಯರ ಜೊತೆ ಕೂರಬೇಕು. ಎಂಟರವರೆಗಿನದು ಮಾತ್ರ ತನ್ನದು. ಬ್ಲಾಗಿಗೆ 'ದಿನದ ಋಣ' ಎಂದು ಹೆಸರಿಟ್ಟಿದ್ದ. ದಿನಕ್ಕೆ ನಲವತ್ತು ಚಿಲ್ಲರೆ ಜನ ಓದುತ್ತಿದ್ದರು. ಆ ಲೆಕ್ಕ ತಾನು ನೋಡುವುದೇ ಇಲ್ಲ ಎಂದು ಒಂದು ಭಾನುವಾರದ ಪ್ರಸಂಗದಲ್ಲಿ ಹೇಳಿದ್ದ. ದಿನಕ್ಕೆ ಮೂರು ಸಲ ನೋಡುತ್ತಿದ್ದ. ಈಗ ಅಳಿಸಿದ ಟಿಪ್ಪಣಿ ಆ ನಲವತ್ತರಲ್ಲಿ ಯಾರೋ ಒಬ್ಬರದು. ಹೆಸರಿನ ಜಾಗದಲ್ಲಿ 'ಓದುಗ' ಎಂದಷ್ಟೇ ಇತ್ತು. 'ನಾಲ್ಕು ತಿಂಗಳಿಂದ ನಿಮ್ಮ ಚಿತ್ರಗಳ ಎಡಗಡೆ ಮೇಲಿನ ಮೂಲೆಯಲ್ಲಿ ಬೇಡದ ವಸ್ತುಗಳು ಬರುತ್ತಿವೆ. ಮೊದಲು ಹೀಗಿರಲಿಲ್ಲ. ನೀವು ಬಲಗಣ್ಣಿಂದ ನೋಡಿ ತೆಗೆಯುವವರು ಅಂದುಕೊಂಡಿದ್ದೇನೆ. ಎಡಗಣ್ಣು ಮುಚ್ಚಿ ಒಂದೇ ಕಡೆ ದಿಟ್ಟಿಸಿ ನೋಡಿ. ತಡ ಮಾಡದೆ ಕಣ್ಣು ತೋರಿಸಿ.' ಅಷ್ಟೇ. ನಮಸ್ಕಾರ ಇಲ್ಲ, ಚೆನ್ನಾಗಿದೆ ಎಂಬ ಮಾತಿಲ್ಲ.

ಸಿಟ್ಟು ಬಂದದ್ದು ಯಾಕೆ ಎಂದು ತಿಳಿಯಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ, ಒಪ್ಪಿಕೊಳ್ಳಲು ಮಾತ್ರ ಬೇಕಾಯಿತು. ಮೂಲೆಯಲ್ಲಿ ಬರುತ್ತಿದ್ದ ವಸ್ತುಗಳನ್ನು ಅವನೂ ಕಂಡಿದ್ದ. ತೆಗೆಯುವಾಗ ಅಲ್ಲ, ಮನೆಗೆ ಬಂದು ಪರದೆಯ ಮೇಲೆ ದೊಡ್ಡದು ಮಾಡಿದಾಗ. ಬೆಂಚಿನ ಮೇಲೆ ಬಿದ್ದ ಬಿಸಿಲು ಎಂದು ತೆಗೆದರೆ ಮೇಲೆ ಯಾರದೋ ಒಣಹಾಕಿದ ಟವೆಲು. ಆರಾಧನಾಲಯದ ಗೇಟು ಎಂದು ತೆಗೆದರೆ ಜೋತುಬಿದ್ದ ಕೇಬಲ್ಲು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ. ಇದು ಯಾವಾಗ ಬಂತು ಎಂದು ಮೊದಲೆರಡು ಸಲ ಬೆಚ್ಚಿದ್ದ. ಚಿತ್ರವನ್ನು ಕತ್ತರಿಸಿ ಹಾಕಬಾರದು, ದಿನ ಹೇಗೆ ಸಿಕ್ಕಿತೋ ಹಾಗೇ ಇಡಬೇಕು ಎಂಬುದು ಅವನ ನೇಮ, ಹಾಗಾಗಿ ಟವೆಲನ್ನೂ ಚೀಲವನ್ನೂ ಉಳಿಸಿಕೊಂಡು, ಆಮೇಲೆ ಅವುಗಳಿಗೊಂದು ಅರ್ಥ ಹಚ್ಚತೊಡಗಿದ. 'ಕರೆಯದೆ ಬಂದವರು' ಎಂದು ಒಂದು ವಾರ ಬರೆದ. ನಾವು ಚೌಕಟ್ಟು ಹಾಕಿದಲ್ಲೆಲ್ಲ ಕರೆಯದೆ ಬರುವವರೇ ಕೃಪೆ ಎಂದು ಬರೆದ. ಆ ವಾರ ಅರವತ್ತೆರಡು ಜನ ಓದಿದ್ದರು. ತಂಗಿ ಫೋನು ಮಾಡಿ, 'ಅಣ್ಣ, ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು,' ಅಂದಿದ್ದಳು. ಈಗ ಯಾರೋ ಹೆಸರಿಲ್ಲದವರು ಬಂದು, ಅದು ಕೃಪೆ ಅಲ್ಲ, ನಿನಗೆ ಕಾಣುತ್ತಿಲ್ಲ ಅಷ್ಟೆ, ಅನ್ನುತ್ತಿದ್ದರು.

ಹೆಂಡತಿ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದು ಪತ್ರಿಕೆಗಳ ಕಟ್ಟು ಬಿಚ್ಚಿದಳು. 'ಏನ್ರೀ, ಕಾಫಿ ಆರಿಹೋಯ್ತು.' 'ಕುಡೀತೀನಿ.' 'ಯಾರಾದ್ರೂ ಏನಾದ್ರೂ ಅಂದ್ರಾ?' 'ಇಲ್ಲಪ್ಪ.' ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವಳಿಗೆ ಸುಳ್ಳು ಉತ್ತರ ನೋಡಿದ ಕೂಡಲೇ ಗೊತ್ತಾಗುತ್ತದೆ, ಆದರೆ ಹುಡುಗರು ಲೆಕ್ಕ ಎಲ್ಲಿ ತಪ್ಪಿದರು ಎಂದು ಅವರೇ ಕಂಡುಕೊಳ್ಳುವವರೆಗೆ ಕಾಯುವುದೂ ಅಷ್ಟೇ ಅಭ್ಯಾಸ. ಅವಳು ಕೆಂಪು ಪೆನ್ನು ತೆಗೆದಳು. ಅವನು ಆರಿದ ಕಾಫಿ ಕುಡಿದ. ಹೊರಗೆ ಹಾಲಿನವನ ಗಾಡಿ ನಿಂತು ಹೊರಟಿತು, ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟು ಎಳೆದರು. ಈ ಎಲ್ಲಕ್ಕೂ ತಾನು ಋಣಿ ಎಂದು ಹನ್ನೊಂದು ವರ್ಷ ಬರೆದವನು, ಒಬ್ಬ ಮನುಷ್ಯ ತನಗಾಗಿ ಬರೆದ ನಾಲ್ಕು ಸಾಲನ್ನು ನಾಲ್ಕು ಗಳಿಗೆಯೂ ಇಟ್ಟುಕೊಳ್ಳಲಿಲ್ಲ.

ಹತ್ತು ಗಂಟೆಗೆ ಆರಾಧನಾಲಯಕ್ಕೆ ಹೋದಾಗ ಬೀಗದಮ್ಮ ಒಳಗಿದ್ದಳು. ಬೀಗದಕೈಗಳ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುವುದರಿಂದ ಆ ಹೆಸರು. ಬೆಂಚು ಒರೆಸುವುದು, ಗಂಟೆ ಬಾರಿಸುವುದು, ಭಾನುವಾರ ಹಾಡಬೇಕಾದ ಗೀತೆಗಳ ಸಂಖ್ಯೆಯನ್ನು ಗೋಡೆಯ ಮರದ ಹಲಗೆಗೆ ಸಿಕ್ಕಿಸುವುದು, ಎಲ್ಲ ಅವಳದೇ. ಅವಳು ಹಿಂದಿನ ಸಾಲಿನಲ್ಲಿ ಬಗ್ಗಿ ಏನೋ ಗುಡಿಸುತ್ತಿದ್ದಳು. ಅವನು ಸುಮ್ಮನೆ, ತಮಾಷೆಗೆ ಎಂಬಂತೆ, ಹಲಗೆಯ ಮುಂದೆ ಎರಡು ಮಾರು ದೂರದಲ್ಲಿ ನಿಂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ. ಕೆಳಗಿನ ಸಾಲಿನ ಕೊನೆಯ ಅಂಕಿಯನ್ನು ದಿಟ್ಟಿಸಿದ. ಅದು ಏಳು. ಏಳು ಸ್ಪಷ್ಟವಾಗಿತ್ತು, ಅದರ ಬಣ್ಣ ಕಿತ್ತುಹೋದ ತುದಿಯೂ ಕಾಣುತ್ತಿತ್ತು. ನಡುವಿನ ಸಾಲು ಮಸುಕಾಗಿ ಇತ್ತು. ಮೇಲಿನ ಸಾಲು ಇರಲಿಲ್ಲ. 'ಮೊದಲನೇ ಗೀತೆ ಇನ್ನೂ ಹಾಕಿಲ್ವೇನಮ್ಮ?' ಅಂದ. ಬೀಗದಮ್ಮ ತಲೆ ಎತ್ತಿದಳು. 'ಹಾಕಿದೀನಲ್ಲ ಪಾಸ್ಟರೇ, ಇನ್ನೂರ ಹದಿನಾಲ್ಕು. ಯಾಕೆ, ಕಣ್ಣಿಗೆ ಏನಾದ್ರೂ ಬಿತ್ತಾ?' ಅವನು ಕೈ ತೆಗೆದ. ಇನ್ನೂರ ಹದಿನಾಲ್ಕು ಅಲ್ಲೇ ಇತ್ತು. ಮತ್ತೆ ಮುಚ್ಚಿದ, ಏಳನ್ನು ದಿಟ್ಟಿಸಿದ. ಹೋಯಿತು. ಅವನನ್ನು ಹೆದರಿಸಿದ್ದು ಅದು ಮಾಯವಾದದ್ದಲ್ಲ. ಅಲ್ಲಿ ಕಪ್ಪು ಇರಬೇಕಿತ್ತು, ತೂತು ಇರಬೇಕಿತ್ತು, ಏನೋ ಕಳೆದಿದೆ ಎಂದು ಹೇಳುವ ಒಂದು ಗುರುತಾದರೂ ಇರಬೇಕಿತ್ತು. ಏನೂ ಇರಲಿಲ್ಲ. ಸಂಖ್ಯೆ ಇದ್ದಲ್ಲಿ ಮರ ಇತ್ತು. ನುಣ್ಣಗಿನ, ಕಂದು ಬಣ್ಣದ, ಯಾವ ಅನುಮಾನಕ್ಕೂ ಎಡೆಗೊಡದ ಮರ. ತನ್ನ ಕಣ್ಣು ತನಗೆ ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲದು ಎಂದು ಐವತ್ತೇಳು ವರ್ಷ ಗೊತ್ತಿರಲಿಲ್ಲ. 'ಧೂಳು ಬಿತ್ತು ಅನ್ಸುತ್ತೆ,' ಅಂದ. ಬೀಗದಮ್ಮ ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಬಿಸಿಗಾಳಿ ಊದಿ, 'ಬನ್ನಿ, ಒತ್ತಿ ಕೊಡ್ತೀನಿ,' ಎಂದು ಹತ್ತಿರ ಬಂದಳು. ಬೇಡ ಅನ್ನಲಾಗದೆ ಅವನು ಅವಳೆದುರು ಸ್ವಲ್ಪ ಬಗ್ಗಿ ನಿಂತ. ಬಟ್ಟೆಯ ಬಿಸಿ ರೆಪ್ಪೆಗೆ ತಾಗಿತು. ಧೂಳೇ ಇಲ್ಲದ ಕಣ್ಣಿಗೆ ಅದು ಹಿತವಾಗಿತ್ತು, ಅಳು ಬಂದಂತಾಯಿತು.

ಕಣ್ಣಾಸ್ಪತ್ರೆಗೆ ಮಂಗಳವಾರ ಹೋದರು. ಅವನು ಒಬ್ಬನೇ ಹೋಗುತ್ತೇನೆ ಅಂದಿದ್ದ. ಹೆಂಡತಿ ಅರ್ಧ ದಿನ ರಜೆ ಹಾಕಿ ಚೀಲದಲ್ಲಿ ತಿದ್ದುವ ಪತ್ರಿಕೆ ತುಂಬಿಕೊಂಡು ಹೊರಟೇಬಿಟ್ಟಳು. ಉದ್ದನೆಯ ಬೆಂಚು, ಕಣ್ಣಿಗೆ ಹನಿ ಹಾಕಿಸಿಕೊಂಡು ಕಣ್ಮುಚ್ಚಿ ಕೂತ ಮುದುಕರ ಸಾಲು. ಆರಾಧನೆಯಲ್ಲಿ ಪ್ರಾರ್ಥನೆಗೆ ಕೂತವರಂತೆಯೇ ಕಾಣುತ್ತಿದ್ದರು, ಇವರ ಮುಖದಲ್ಲಿ ಮಾತ್ರ ಅವಸರ ಇರಲಿಲ್ಲ. ಕತ್ತಲೆಯ ಚಿಕ್ಕ ಕೋಣೆಯಲ್ಲಿ ಒಂದು ಯಂತ್ರ. ಅದನ್ನು ನಡೆಸುವ ನಡುವಯಸ್ಸಿನ ಹೆಂಗಸು ಅವನ ಗದ್ದವನ್ನು ಹಿಡಿದು ಆಸರೆಯ ಮೇಲಿಟ್ಟು, ಎಡಗಣ್ಣಿಗೆ ಪಟ್ಟಿ ಕಟ್ಟಿ, ಕೈಗೊಂದು ಗುಂಡಿ ಕೊಟ್ಟಳು. 'ನಡುವಿನ ಹಳದಿ ದೀಪವನ್ನೇ ನೋಡ್ತಿರಿ. ಸುತ್ತ ಎಲ್ಲಾದ್ರೂ ಬೆಳಕಿನ ಚುಕ್ಕೆ ಕಂಡ್ರೆ ಒತ್ತಿ. ಹುಡುಕ್ಕೊಂಡು ಹೋಗ್ಬೇಡಿ.' ಎದುರಿಗೆ ಬಿಳಿ ಬೋಗುಣಿಯ ಒಳಮೈಯಂಥದ್ದು. ಒಂದು ಚುಕ್ಕೆ ಮಿಂಚಿತು, ಒತ್ತಿದ. ಇನ್ನೊಂದು, ಒತ್ತಿದ. ಪ್ರತಿ ಚುಕ್ಕೆಗೂ ಮೊದಲು ಯಂತ್ರದೊಳಗೆ ಏನೋ ಗರ್ರನೆ ತಿರುಗುವ ಸದ್ದು. ಆಮೇಲೆ ಸದ್ದು ಬಂತು, ಚುಕ್ಕೆ ಬರಲಿಲ್ಲ. ಮತ್ತೆರಡು ಸಲ ಸದ್ದು, ಚುಕ್ಕೆ ಇಲ್ಲ. ಹೊರಗೆ ಬಾಗಿಲ ಬಳಿ ಹೆಂಡತಿ ಕೂತಿದ್ದಾಳೆ. ನಾಲ್ಕನೆಯ ಸದ್ದಿಗೆ ಅವನ ಹೆಬ್ಬೆರಳು ತಾನಾಗಿ ಒತ್ತಿತು. ಮಿಂಚಿರಬಹುದು, ತನಗೇ ತಿಳಿಯಲಿಲ್ಲವೇನೋ, ಅಂದುಕೊಂಡ. ಐದಕ್ಕೂ ಒತ್ತಿದ, ಆರಕ್ಕೂ. ಲಯ ಸಿಕ್ಕಿತು. ಸದ್ದು, ಒತ್ತು, ಸದ್ದು, ಒತ್ತು. ಹೀಗೆ ಒತ್ತುತ್ತಾ ಹೋದರೆ ಎಲ್ಲ ಸರಿಯಿದೆ ಎಂಬ ಕಾಗದ ಹೊರಬರುತ್ತದೆ, ಅದನ್ನು ಹಿಡಿದು ಮನೆಗೆ ಹೋಗಬಹುದು.

ಹೆಂಗಸು ಯಂತ್ರ ನಿಲ್ಲಿಸಿದಳು. 'ಸರ್, ಇದು ಆಗಲ್ಲ. ಇಲ್ಲದ ಬೆಳಕಿಗೂ ಒತ್ತಿದ್ದೀರಿ.' ಅವನು ಗದ್ದ ಎತ್ತಲು ಹೋದ. 'ಅಲ್ಲಾಡಬೇಡಿ. ಈ ಯಂತ್ರ ಒಮ್ಮೊಮ್ಮೆ ಬರೀ ಸದ್ದು ಮಾಡುತ್ತೆ, ಬೆಳಕು ಹಾಕಲ್ಲ. ನಿಜವಾಗಿ ನೋಡಿ ಒತ್ತುತ್ತಾರಾ ಅಂತ ತಿಳಿಯೋಕೆ.' ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಕಾಗದಪತ್ರ ತುಂಬಿಸಲು ಕೇಳಿದಳು: 'ಏನ್ ಕೆಲಸ ಮಾಡ್ತೀರಿ?' 'ಪಾಸ್ಟರ್,' ಅಂದ. ಇಲ್ಲದ ಬೆಳಕಿಗೂ ಒತ್ತಿದ್ದೀರಿ. ಮೂವತ್ತು ವರ್ಷ ಎಷ್ಟು ಭಾನುವಾರ, ಎಷ್ಟು ಹಾಸಿಗೆಗಳ ಪಕ್ಕ, ಎಷ್ಟು ತೆರೆದ ಸಮಾಧಿಗಳ ಅಂಚಿನಲ್ಲಿ, ಸದ್ದು ಬಂತು ಎಂಬ ಒಂದೇ ಕಾರಣಕ್ಕೆ ಹೆಬ್ಬೆರಳು ಒತ್ತಿದ್ದ. ಜನ ಎದುರಿಗೆ ಕೂತಿದ್ದಾರೆ, ಹನ್ನೊಂದೂವರೆ ಆಗಿದೆ, ಈಗ ಕಾಣಲೇಬೇಕು, ಎಂದು ಕಂಡಿದ್ದ. ಎಲ್ಲ ಸಲವೂ ಅಲ್ಲ. ಕೆಲವು ಸಲ ನಿಜವಾಗಿ ಕಂಡಿದ್ದೂ ಉಂಟು, ಬೆಂಚಿನ ಮೇಲೆ, ಒಬ್ಬ ರೋಗಿಯ ನಗೆಯಲ್ಲಿ, ಒಂದು ಬೆಳಿಗ್ಗೆ ಗೇಟಿನ ತುಕ್ಕಿನಲ್ಲಿ ಕೂಡ. ಆದರೆ ಯಾವುದು ಯಾವುದೆಂದು ಗುರುತು ಹಾಕಿಡಲು ಹಿಂದೆ ಯಾರೂ ಕೂತಿರಲಿಲ್ಲ. 'ಎಲ್ರೂ ಹಾಗೇ ಮಾಡ್ತಾರೆ ಸರ್, ಬೇಜಾರ್ ಮಾಡ್ಕೋಬೇಡಿ,' ಅನ್ನುತ್ತಿದ್ದಳು ಹೆಂಗಸು, ಪಟ್ಟಿ ಸರಿಮಾಡುತ್ತ. 'ಪಾಸಾಗೋ ಪರೀಕ್ಷೆ ಅಂದ್ಕೊಳ್ತಾರೆ. ಕಾಣದೆ ಇದ್ರೆ ಕಾಣ್ಲಿಲ್ಲ, ಅಷ್ಟೆ. ಸುಮ್ನೆ ಇರಿ. ಮೊದಲಿಂದ ಮಾಡೋಣ.' ಎರಡನೆಯ ಸಲ ಅವನು ಸುಮ್ಮನೆ ಇದ್ದ. ಸದ್ದು ಬಂತು, ಬೆಳಕು ಬರಲಿಲ್ಲ, ಸುಮ್ಮನಿದ್ದ. ಮತ್ತೆ ಮತ್ತೆ ಸುಮ್ಮನಿದ್ದ. ಹೆದರಿಕೆಯ ಒಳಗೇ ಒಂದು ವಿಶ್ರಾಂತಿ ತೆರೆದುಕೊಳ್ಳುತ್ತಿರುವುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ಕಾಣದಿದ್ದರೆ ಸುಮ್ಮನಿರಬಹುದು ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಮುಗಿದ ಮೇಲೆ ಹೆಂಗಸು, 'ಈಗ ಸರಿಯಾಗಿ ಮಾಡಿದ್ರಿ,' ಅಂದಳು. ಯಾವ ಪ್ರಸಂಗಕ್ಕೆ ಸಿಕ್ಕ ಹೊಗಳಿಕೆಯೂ ಅವನಿಗೆ ಇಷ್ಟು ನಿಜ ಅನ್ನಿಸಿರಲಿಲ್ಲ.

ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಣ್ಣಿನ ಚಿತ್ರದಲ್ಲಿ ಎಡಗಡೆ ಮೇಲೆ ಒಂದು ಕಪ್ಪು ಮೋಡ. 'ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ಹಿಂದಿನ ನರ ಸವೆದಿದೆ. ಗ್ಲಾಕೋಮಾ. ಎಡಗಣ್ಣಲ್ಲೂ ಶುರುವಾಗಿದೆ, ಬಹಳ ಕಡಿಮೆ. ಹೋಗಿದ್ದು ವಾಪಸ್ ಬರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇರೋದನ್ನ ಹನಿ ಹಾಕ್ಕೊಂಡು ಉಳಿಸ್ಕೋಬಹುದು, ಬಹಳ ಮಂದಿ ಉಳಿಸ್ಕೊಂಡಿದ್ದಾರೆ. ನಿಮಗೆ ಇದು ಹೇಗೆ ಗೊತ್ತಾಯ್ತು? ನೋವಿಲ್ಲ, ಕೆಂಪಿಲ್ಲ. ಜನ ಬರೋದು ಗೋಡೆಗೆ ಢಿಕ್ಕಿ ಹೊಡೆಯೋಕೆ ಶುರು ಮಾಡಿದ ಮೇಲೆ.' ಅವನು ಕಾಗದದ ಮೇಲಿನ ಮೋಡವನ್ನೇ ನೋಡುತ್ತಿದ್ದ. ಹೆಂಡತಿ ಅವನ ಮುಖ ನೋಡಿದಳು. ಹೊರಗೆ ಬಂದು ಬಸ್ಸಿಗೆ ಕಾಯುವಾಗ, ಹನಿಯಿಂದ ಹಿಗ್ಗಿದ ಅವನ ಪಾಪೆಗಳಿಗೆ ಬೀದಿಯೆಲ್ಲ ಬೆಳ್ಳಗೆ ಉರಿಯುತ್ತಿತ್ತು. ಅವಳು ಚೀಲದಿಂದ ಕೊಡೆ ತೆಗೆದು ಬಿಸಿಲಿಗೆ ಅಡ್ಡ ಹಿಡಿದಳು. ಆ ನೆರಳಿನಲ್ಲಿ ಅವನು ಹೇಳಿದ. ಟಿಪ್ಪಣಿ ಬಂದದ್ದು, ಅಳಿಸಿದ್ದು, ಹಲಗೆ, ಯಂತ್ರ, ಎಲ್ಲ. 'ಅಳಿಸಿಬಿಟ್ರಾ?' ಅಂದಳು. 'ಹೂಂ.' ಒಂದು ಬಸ್ಸು ಬಂತು, ಅವರದಲ್ಲ. 'ಅವರು ಇವತ್ತಿಗೂ ನೋಡ್ತಿರ್ತಾರೆ, ಉತ್ತರ ಕೊಡ್ಲಿಲ್ವಲ್ಲ ಅಂತ. ನಿಮ್ಮ ಕಣ್ಣಿನ ಚಿಂತೆ ನಿಮಗಿಂತ ಮುಂಚೆ ಅವರಿಗಿತ್ತು. ತಿಳಿಸಿ ಅವರಿಗೆ.' ಕೊಡೆ ಸ್ವಲ್ಪವೂ ಅಲುಗಲಿಲ್ಲ. ಇಷ್ಟು ವರ್ಷ ದಿನದ ಋಣ ಎಂದು ಬರೆದ ಸಾವಿರಾರು ಪುಟಗಳಲ್ಲಿ ಇವಳ ಕೈ ಒಂದು ಸಲವೂ ಬಂದಿಲ್ಲವಲ್ಲ ಎಂದು ಹೊಳೆದು, ಅವನು ಆ ಮಣಿಕಟ್ಟನ್ನು, ಗಡಿಯಾರದ ಪಟ್ಟಿ ಮೂಡಿಸಿದ ಬಿಳಿಯ ಗೆರೆಯನ್ನು, ಚಿತ್ರ ತೆಗೆಯದೆ ನೋಡಿದ.

ಮರುದಿನ ಬ್ಲಾಗಿನಲ್ಲಿ ಚಿತ್ರ ಇರಲಿಲ್ಲ. ಅಳಿಸಿದ ಟಿಪ್ಪಣಿಯನ್ನು ನೆನಪಿದ್ದಷ್ಟು ಬರೆದು, ಅದನ್ನು ಅಳಿಸಿದವನು ನಾನು, ಹೆಮ್ಮೆಗೆ ಪೆಟ್ಟು ಬಿತ್ತು ಎಂದು ಅಳಿಸಿದೆ, ನೀವು ಹೇಳಿದ್ದು ನಿಜ, ನಿಮ್ಮಿಂದ ನನ್ನ ಕಣ್ಣು ಉಳಿಯುತ್ತದೆ, ಯಾರೆಂದು ತಿಳಿದರೆ ಬಂದು ನೋಡುತ್ತೇನೆ, ಎಂದಷ್ಟು ಬರೆದ. 'ಕರೆಯದೆ ಬಂದವರು' ಎಂಬ ಏಳು ದಿನದ ಬರಹಕ್ಕೆ ಕಾರಣ ಕೃಪೆಯಲ್ಲ, ನರದ ಸವೆತ ಎಂದೂ ಸೇರಿಸಿದ. ಆ ಸಾಲು ಬರೆಯುವಾಗ ಕಿವಿ ಬಿಸಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಜನ ಧೈರ್ಯ ಹೇಳಿದ್ದರು, ತಂಗಿ ಎರಡು ಸಲ ಫೋನು ಮಾಡಿದ್ದಳು. ಸಂಜೆ ಐದಕ್ಕೆ 'ಓದುಗ' ಬಂದ. 'ಸಂತೋಷ. ಹನಿ ತಪ್ಪಿಸಬೇಡಿ. ಹಳೇ ಅಂಚೆ ಕಚೇರಿಯ ಹಿಂದಿನ ಬೀದಿ, ಕನ್ನಡಕದ ಅಂಗಡಿ. ಹತ್ತಕ್ಕೆ ತೆಗೆಯುತ್ತೇನೆ.'

ಅವನು ಪರದೆಯನ್ನು ಮುಚ್ಚಿ ಕೂತ. ಆ ಬೀದಿಯಲ್ಲಿ ಅವನು ಆರು ವರ್ಷದಿಂದ ಕಾಲಿಟ್ಟಿರಲಿಲ್ಲ. ಬೆಳಗಿನ ನಡಿಗೆ ಅಂಚೆ ಕಚೇರಿಯವರೆಗೆ ಹೋಗಿ ಬಲಕ್ಕೆ ತಿರುಗುತ್ತಿತ್ತು; ಎಡಕ್ಕೆ ಯಾಕೆ ಹೋಗಲ್ಲ ಎಂದು ಹೆಂಡತಿ ಕೇಳಿದಾಗ, 'ಅಲ್ಲಿ ಬೆಳಕು ಚೆನ್ನಾಗಿ ಬೀಳಲ್ಲ,' ಅಂದಿದ್ದ. ತನ್ನ ಕನ್ನಡಕವನ್ನು ಊರಿನ ಇನ್ನೊಂದು ತುದಿಯಲ್ಲಿ, ಕಣ್ಣೊಳಗೆ ಇಣುಕಿಯೂ ನೋಡದೆ ಗಾಜು ಹಾಕಿಕೊಡುವವನ ಬಳಿ ಮಾಡಿಸುತ್ತಿದ್ದ. ಆರು ವರ್ಷದ ಹಿಂದೆ ಆ ಅಂಗಡಿಯ ಕನ್ನಡಕದವರ ಹೆಂಡತಿ ತೀರಿಕೊಂಡಳು. ಸಭೆಯವರೇ, ನಾಲ್ಕನೆಯ ಸಾಲಿನಲ್ಲಿ ಇಬ್ಬರೂ ಕೂರುತ್ತಿದ್ದರು. ಸಮಾಧಿ ಸಂಸ್ಕಾರ ಎಂಟು ಗಂಟೆಗೆ. ಅವನು ಏಳಕ್ಕೇ ಸ್ಮಶಾನಕ್ಕೆ ಹೋಗಿದ್ದ, ಅಷ್ಟು ಹೊತ್ತಿನ ಬಿಸಿಲು ಅಲ್ಲಿನ ಕಬ್ಬಿಣದ ಗೇಟಿನ ಮೇಲೆ ಹೇಗೆ ಬೀಳುತ್ತದೆ ಎಂದು ಗೊತ್ತಿದ್ದುದರಿಂದ. ಇಬ್ಬನಿ, ಗೇಟು, ಬಿಸಿಲು. ಚಿತ್ರದ ಕೆಳಗೆ ಬರೆಯಬೇಕಾದ ಸಾಲು ತಲೆಯಲ್ಲಿ ಕಟ್ಟುತ್ತಿತ್ತು, ಅದರ ಎರಡನೇ ಭಾಗ ಕೂಡುತ್ತಿರಲಿಲ್ಲ, ಅಷ್ಟರಲ್ಲಿ ಜನ ಬಂದರು. ಹೆಸರು ಬರೆದುಕೊಂಡ ಕಾಗದ ಕಾರಿನಲ್ಲಿ ಕ್ಯಾಮೆರಾ ಚೀಲದ ಕೆಳಗೆ ಉಳಿಯಿತು. ಅವನು ತೆರೆದ ಗುಂಡಿಯ ಮುಂದೆ ನಿಂತು, ಗಟ್ಟಿಯಾದ, ನಂಬಿಕೆ ತುಂಬಿದ ದನಿಯಲ್ಲಿ, ಸತ್ತವಳ ಅಕ್ಕನ ಹೆಸರು ಹೇಳಿದ. ಅಕ್ಕ ಎದುರಿಗೇ ಕುರ್ಚಿಯಲ್ಲಿ ಕೂತಿದ್ದಳು. ಎರಡನೆಯ ಸಾಲಿನಿಂದ ಅವನ ಹೆಂಡತಿ ಕೈ ಎತ್ತಿ ಏನೋ ಸನ್ನೆ ಮಾಡಿದಳು. ಅವನು ತನ್ನ ಕೊರಳಪಟ್ಟಿ ಸೊಟ್ಟಗಿದೆ ಎಂದುಕೊಂಡು ಅದನ್ನು ಸರಿಮಾಡಿಕೊಂಡು, ಮತ್ತೆ ಎರಡು ಸಲ ಅದೇ ಹೆಸರು ಹೇಳಿದ. ಎಲ್ಲ ಮುಗಿದ ಮೇಲೆ ಕೈ ಚಾಚಿದಾಗ ಕನ್ನಡಕದವರು ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು. ದಾರ ಬಿಚ್ಚಿರಲಿಲ್ಲ. ಒಂದು ಪತ್ರ ಬರೆದ, ಹರಿದ. ಒಂದು ತಿಂಗಳು ಹೋಗಲಿ, ನೋವು ಆರಲಿ ಎಂದುಕೊಂಡ. ನಾಲ್ಕನೆಯ ಸಾಲಿನ ಆ ಜಾಗದಲ್ಲಿ ಬೇರೆಯವರು ಬಂದು ಕೂತರು. ಖಾಲಿ ಎಂದು ಕಾಣುವುದೂ ನಿಂತಿತು.

ಗುರುವಾರ ಹತ್ತೂಕಾಲಿಗೆ ಅವನು ಅಂಚೆ ಕಚೇರಿಯ ಬಳಿ ಎಡಕ್ಕೆ ತಿರುಗಿದ. ಬೆಳಕು ಚೆನ್ನಾಗಿಯೇ ಬಿದ್ದಿತ್ತು. ಕ್ಯಾಮೆರಾ ತಂದಿರಲಿಲ್ಲ. ಚಿಕ್ಕ ಅಂಗಡಿ, ಗಾಜಿನ ಪೆಟ್ಟಿಗೆಯೊಳಗೆ ಯಾರ ಮುಖವೂ ಇಲ್ಲದ ಚೌಕಟ್ಟುಗಳು, ಗೋಡೆಗೆ ದೊಡ್ಡ ಅಕ್ಷರದಿಂದ ಚಿಕ್ಕದಕ್ಕಿಳಿಯುವ ಪಟ್ಟಿ, ಮೇಜಿನ ಮೇಲೆ ಕಿರಿಬೆರಳಿನಷ್ಟು ಸ್ಕ್ರೂಡ್ರೈವರು. ಕನ್ನಡಕದವರು ತೆಳ್ಳಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎದ್ದು ನಿಲ್ಲಲಿಲ್ಲ, ಎದುರಿನ ಸ್ಟೂಲು ತೋರಿಸಿದರು. 'ಯಾವ ಹನಿ ಕೊಟ್ಟಿದ್ದಾರೆ?' ಅವನು ಜೇಬಿನಿಂದ ಸೀಸೆ ತೆಗೆದು ಕೊಟ್ಟ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಓದಿದರು. 'ಒಳ್ಳೇದು. ಉರಿಯುತ್ತೆ. ಉರಿಯುತ್ತೆ ಅಂತ ಬಿಟ್ಟುಬಿಡ್ತಾರೆ ಜನ. ಬಿಡಬೇಡಿ.' 'ಬಿಡಲ್ಲ.' ಸೀಸೆ ವಾಪಸ್ಸು ಬಂತು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವನು ನಿನ್ನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಮೊದಲನೆಯದೇ ನೆನಪಾಗಲಿಲ್ಲ.

'ಇಷ್ಟು ವರ್ಷ ನನ್ನ ಬ್ಲಾಗ್ ಓದ್ತಿದ್ರಾ?' ಎಂದು ಕೇಳಿಬಿಟ್ಟ.

'ಮೊದಲ ವರ್ಷ ತಪ್ಪು ಹುಡುಕೋಕೆ ಓದ್ತಿದ್ದೆ,' ಅಂದರು ಕನ್ನಡಕದವರು. 'ದಿನಾ. ಈ ಮನುಷ್ಯನಿಗೆ ಯಾರ ಹೆಸರೂ ನೆನಪಿರಲ್ಲ, ಗೇಟು ಬೆಂಚು ಮಾತ್ರ ನೆನಪಿರುತ್ತೆ, ಅಂತ ತೋರಿಸ್ಬೇಕಿತ್ತು.'

'ಸಿಕ್ಕಿದ್ವಾ?'

'ಬೇಕಾದಷ್ಟು. ನಿಮಗೆ ಒತ್ತಕ್ಷರ ಸರಿಯಾಗಿ ಬರಲ್ಲ. ಒಂದೇ ಮಾತನ್ನ ವರ್ಷಕ್ಕೆ ಎರಡು ಸಲ ಬರೀತೀರಿ. ಒಂದು ನೋಟ್‌ಬುಕ್ ತುಂಬಿದೆ.' ಅವರು ನಗಲಿಲ್ಲ, ಆದರೆ ತುಟಿಯ ಒಂದು ಬದಿ ಸಡಿಲವಾಯಿತು. 'ಆಮೇಲೆ ಅಭ್ಯಾಸ ಬಿತ್ತು. ಬೆಳಿಗ್ಗೆ ಮನೇಲಿ ಮಾತಾಡೋಕೆ ಯಾರೂ ಇಲ್ವಲ್ಲ. ಎಂಟಕ್ಕೆ ನೀವು ಏನೋ ಒಂದು ಹೇಳ್ತೀರಿ, ನಾನು ಅದು ತಪ್ಪು ಅಂತೀನಿ. ಹೀಗೆ. ಅಷ್ಟು ಕೂಲಂಕಷವಾಗಿ ನೋಡದೆ ಇದ್ದಿದ್ರೆ ಆ ಮೂಲೆ ನನಗೂ ಕಾಣ್ತಿರ್ಲಿಲ್ಲ.'

ತನ್ನ ಕಣ್ಣನ್ನು ಉಳಿಸಿದ್ದು ಒಬ್ಬ ಮನುಷ್ಯನ ಸಿಟ್ಟು ಎಂದು ಅವನಿಗೆ ಅರ್ಥವಾಯಿತು. ಆರು ವರ್ಷ ಬಿಡದೆ ನೋಡಿದ ಸಿಟ್ಟು. ಮೆಚ್ಚಿ ಓದಿದ ಅರವತ್ತೆರಡು ಜನರಿಗೆ ಟವೆಲು ಟವೆಲಾಗಿ ಕಂಡಿರಲಿಲ್ಲ. ಇದನ್ನು ನಾಳೆ ಹೇಗೆ ಬರೆಯಬಹುದು ಎಂದು ಮನಸ್ಸು ಆಗಲೇ ಸಾಲು ಕಟ್ಟತೊಡಗಿತ್ತು. ಅವನು ಅದನ್ನು ಕಂಡು, ನಾಚಿ, ನಿಲ್ಲಿಸಿದ.

'ಆ ದಿನ ಹೆಸರಿನ ಕಾಗದ ಕ್ಯಾಮೆರಾ ಚೀಲದ ಕೆಳಗಿತ್ತು,' ಅಂದ. 'ನಾನು ಫೋಟೋ ತೆಗೀತಾ ಇದ್ದೆ. ನಿಮ್ಮ ಮನೆಯವರ ಸಂಸ್ಕಾರಕ್ಕೆ ಅಂತ ಹೋಗಿ ಫೋಟೋ ತೆಗೀತಿದ್ದೆ. ತಪ್ಪಾಯ್ತು. ಬಂದು ಹೇಳೋಕೆ ಆರು ವರ್ಷ ಹೆದರಿದ್ದೂ ತಪ್ಪಾಯ್ತು.'

'ಗೊತ್ತು. ಸಂಜೆ ಆ ಫೋಟೋ ಹಾಕಿದ್ರಲ್ಲ, ಗೇಟಿಂದು.' ಕನ್ನಡಕದವರು ಸ್ಕ್ರೂಡ್ರೈವರನ್ನು ಎತ್ತಿ ಮತ್ತೆ ಇಟ್ಟರು. 'ಚೆನ್ನಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂದಿದ್ದು.'

ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ಈ ಹೊತ್ತಿಗೆ, ಪ್ರಾರ್ಥನೆ ಮಾಡೋಣವೇ, ಎಂದು ಕಣ್ಣು ಮುಚ್ಚಿರುತ್ತಿದ್ದ. ಎಷ್ಟೋ ಕಷ್ಟದ ಮೌನಗಳನ್ನು ಹಾಗೆ ದಾಟಿದ್ದ. ಈಗ ಸುಮ್ಮನೆ ಕೂತ. ಕನ್ನಡಕದವರು ಕೈ ಚಾಚಿ, ಕೇಳದೆಯೇ, ಅವನ ಮುಖದಿಂದ ಕನ್ನಡಕ ತೆಗೆದುಕೊಂಡರು. 'ಯಾರು ಮಾಡಿದ್ದು ಇದನ್ನ? ಕಿವಿ ಹತ್ರ ಸಡಿಲ ಇದೆ. ಬಗ್ಗಿದ್ರೆ ಜಾರಲ್ವಾ?' 'ಜಾರುತ್ತೆ.' ಅವರು ಅದನ್ನು ಹಿಡಿದು ಸ್ಕ್ರೂ ಬಿಗಿಸತೊಡಗಿದರು. ಕನ್ನಡಕ ಇಲ್ಲದೆ ಅಂಗಡಿ ಬಣ್ಣಬಣ್ಣದ ಮಬ್ಬಾಯಿತು, ಎದುರಿನ ಮುಖ ಒಂದು ಬಿಳುಪು ಮಾತ್ರ. ಆ ಬಿಳುಪಿನ ಕಡೆ ನೋಡುತ್ತ ಅವನು ಸತ್ತವಳ ಹೆಸರನ್ನು ಹೇಳಿದ. ಅವಳದೇ ಹೆಸರನ್ನು, ಮೆಲ್ಲಗೆ, ಮನೆಯಲ್ಲಿ ಹಲವು ಸಲ ಹೇಳಿ ನೋಡಿಕೊಂಡು ಬಂದದ್ದನ್ನು.

ಸ್ಕ್ರೂಡ್ರೈವರು ನಿಂತಿತು. 'ಕೊನೇಲಿ ದೀರ್ಘ,' ಅಂದರು ಕನ್ನಡಕದವರು. 'ಅವಳು ಹಾಗೇ ಹೇಳ್ತಿದ್ದಳು. ಬೇರೆಯವರು ಎಲ್ರೂ ಗಿಡ್ಡ ಮಾಡ್ತಿದ್ರು, ಅವಳು ತಿದ್ದುತ್ತಿದ್ದಳು.'

ಅವನು ಮತ್ತೆ ಹೇಳಿದ, ಕೊನೆಯ ಅಕ್ಷರವನ್ನು ಎಳೆದು.

'ಹಾಂ. ಹಾಗೆ,' ಅಂದರು. ಆಮೇಲೆ ಗಾಜನ್ನು ಬಟ್ಟೆಯಿಂದ ಒರೆಸಿ, ಎದ್ದು ಬಂದು, ಎರಡೂ ಕೈಯಿಂದ ಕನ್ನಡಕವನ್ನು ಅವನ ಮುಖಕ್ಕೆ ಹಾಕಿ, ಕಿವಿಯ ಹಿಂದೆ ಬೆರಳು ಹಾಯಿಸಿ ನೋಡಿದರು. ಅಂಗಡಿ ಮತ್ತೆ ಅಂಚುಗಳನ್ನು ಪಡೆಯಿತು. ಅವರ ಕಣ್ಣು ಕೆಂಪಾಗಿತ್ತು, ಅದನ್ನು ಮರೆಮಾಡಲು ಅವರೇನೂ ಮಾಡಲಿಲ್ಲ. 'ಆರು ತಿಂಗಳಿಗೊಂದ್ಸಲ ಬನ್ನಿ, ಒತ್ತಡ ನೋಡ್ತೀನಿ. ಡಾಕ್ಟರು ನೋಡ್ತಾರೆ, ಆದ್ರೂ ಬನ್ನಿ.' ಬಾಗಿಲವರೆಗೆ ಬಂದು, 'ನಿನ್ನೆ ಮೊನ್ನೆ ಏನೂ ಚಿತ್ರ ಹಾಕಿಲ್ಲ ನೀವು,' ಅಂದರು. 'ಹಾಕ್ತೀನಿ.' 'ಎಂಟರೊಳಗೆ ಹಾಕಿ. ಆಮೇಲೆ ನನಗೆ ಹೊರಡೋ ಹೊತ್ತಾಗುತ್ತೆ.' ಭಾನುವಾರ ಬನ್ನಿ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಲ್ಲೇ ಉಳಿಸಿಕೊಂಡ.

ಬೀದಿಗೆ ಇಳಿದ. ಸೈಕಲ್ ಅಂಗಡಿಯ ಮುಂದೆ ಒಬ್ಬ ಟಯರು ತಿರುಗಿಸುತ್ತಿದ್ದ, ಒಂದು ಕಿಟಕಿಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದರು, ಎಲ್ಲವೂ ಅದರದರ ಜಾಗದಲ್ಲಿ ಇತ್ತು, ಕಂಡಷ್ಟು. ಇನ್ನು ಮುಂದೆ ಕಾಣುವುದೆಲ್ಲ ಯಾರೋ ಹೇಳಿ ಉಳಿಸಿಕೊಟ್ಟದ್ದು. ಅವನು ಮೊದಲ ಸಲ ನಡೆಯುವ ಬೀದಿಯಲ್ಲಿ ನಡೆಯುವವನಂತೆ ನಿಧಾನವಾಗಿ ನಡೆದ. ನಡೆಯುತ್ತ, ಮರೆಯಬಾರದೆಂದು, ಆ ಹೆಸರನ್ನು ಬಾಯಿಬಿಟ್ಟು ಹೇಳಿಕೊಂಡ. ತರಕಾರಿ ಚೀಲ ಹಿಡಿದು ಎದುರು ಬಂದ ಹೆಂಗಸು, ತನ್ನನ್ನೇ ಕರೆದನೇನೋ ಎಂಬಂತೆ ನಿಂತು, 'ಏನು?' ಅಂದಳು.

'ಏನಿಲ್ಲಮ್ಮ,' ಅಂದ ಅವನು. 'ಒಬ್ಬರ ಹೆಸರು.' ಮುಂದಕ್ಕೆ ಹೋಗಿ ಮತ್ತೊಂದು ಸಲ ಹೇಳಿದ, ಕೊನೆಯ ಅಕ್ಷರಕ್ಕೆ ಬೇಕಾದಷ್ಟು ಹೊತ್ತು ಕೊಟ್ಟು.